ಶೆಡ್ಡಿನಲ್ಲಿ ನಿಂತ ಕಾರಿನ ಬ್ಯಾಟರಿ ಇಳಿಯುವುದೇಕೆ?

ಮಗಳ ಬಾಣಂತನಕ್ಕೆ ಅಂತ ನಾನು, ನಮ್ಮ ಮನೆಯವರು ಇಬ್ಬರೂ ಮಾರ್ಚ್ ಕೊನೆಗೆ ಬೆಂಗಳೂರಿಗೆ ಹೋದೆವು. ಹೋಗಿದ್ದು ರೈಲಿನಲ್ಲಿ. ಕಾರು ದಾವಣಗೆರೆಯ ಮನೆ ಶೆಡ್ಡಿನಲ್ಲೇ ಉಳಿಯಿತು. ವಾಪಸ್ ಬಂದಾಗ ಜೂನ್. ಮಾರನೇ ದಿನ ತರಕಾರಿಗೆ ಹೊರಟು ರಿಮೋಟ್ ಒತ್ತಿದರೆ ಬಾಗಿಲೇ ತೆರೆಯಲಿಲ್ಲ. ಕೀಲಿ ಹಾಕಿ ತೆಗೆದು ಕೂತೆ. ಕೀ ತಿರುಗಿಸಿದೆ. ಮೀಟರಿನ ದೀಪಗಳು ಮಿಣುಕ್ ಅಂದವು. ಬಾನೆಟ್ ಒಳಗಿಂದ 'ಟಕ್' ಅಂತ ಒಂದು ಸದ್ದು ಬಂತು. ಆಮೇಲೆ ಏನೂ ಇಲ್ಲ.

"ಎರಡು ತಿಂಗಳು ಓಡಿಸೇ ಇಲ್ಲ, ಬ್ಯಾಟರಿ ಖರ್ಚಾಗಿದ್ದು ಹೇಗೆ?" ಅಂತ ಮನೆಯವರು ಕೇಳಿದರು. ನ್ಯಾಯವಾದ ಪ್ರಶ್ನೆ. ಬೇಸಿಗೆ ರಜೆಗೆ, ಮಕ್ಕಳ ಮನೆಗೆ, ಅಮೆರಿಕಕ್ಕೆ ಅಂತ ಹೋಗಿ ಬಂದವರೆಲ್ಲ ಈ ತಿಂಗಳು ಇದನ್ನೇ ಕೇಳುತ್ತಿದ್ದಾರೆ. ನಮ್ಮ ಬೀದಿಯಲ್ಲೇ ಮೂರು ಕಾರು ಹೀಗೆ ನಿಂತಿವೆ. ಹಾಗಾಗಿ ಬುಡದಿಂದಲೇ ನೋಡೋಣ.

ಸೆಲ್ಫ್ ಹೊಡೆಯುವುದು ಅಂದರೆ

ಎಂಜಿನ್ ತಾನಾಗಿ ತಿರುಗಲು ಶುರು ಮಾಡುವುದಿಲ್ಲ. ಮೊದಲು ಯಾರಾದರೂ ಅದನ್ನು ತಿರುಗಿಸಬೇಕು. ಹಳೇ ಅಂಬಾಸಿಡರ್ ಕಾರಿಗೆ ಮುಂದಿನಿಂದ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದುದನ್ನು ನೋಡಿದವರು ಇನ್ನೂ ಇದ್ದಾರೆ. ಆ ಹ್ಯಾಂಡಲ್ ಕೆಲಸವನ್ನು ಒಂದು ಕರೆಂಟ್ ಮೋಟರ್‌ಗೆ ವಹಿಸಿದ ಮೊದಲ ಕಾರುಗಳಲ್ಲಿ 1912ರ ಕ್ಯಾಡಿಲಾಕ್ ಹೆಸರಾದದ್ದು. ಆ ಮೋಟರ್ ತಯಾರಿಸಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಕೈಯ ಸಹಾಯವಿಲ್ಲದೆ ಚಾಲೂ ಆಗುವುದರಿಂದ ಅದು 'ಸೆಲ್ಫ್ ಸ್ಟಾರ್ಟರ್'. ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಬರೀ 'ಸೆಲ್ಫ್'.

ಸೆಲ್ಫ್ ತಿರುಗಿಸಲು ಎರಡು ಮೂರು ಸೆಕೆಂಡ್ ಸಾಕು. ಆದರೆ ಆ ಹೊತ್ತಿನಲ್ಲಿ ಅದು ನೂರು, ನೂರೈವತ್ತು ಆಂಪಿಯರ್ ಕರೆಂಟ್ ಎಳೆಯುತ್ತದೆ. ಆಂಪಿಯರ್ ಅಂದರೆ ಕರೆಂಟ್ ಹರಿಯುವ ಪ್ರಮಾಣ. ಕಾರಿನೊಳಗಿನ ಸಣ್ಣ ದೀಪಕ್ಕೆ ಅರ್ಧ ಆಂಪಿಯರ್ ಕೂಡ ಬೇಡ. ದೀಪ ಉರಿಯುತ್ತದೆ, ಹಾರ್ನ್ ಕೂಡ ಸಣ್ಣಗೆ ಕೂಗುತ್ತದೆ, ಆದರೂ ಗಾಡಿ ಸ್ಟಾರ್ಟ್ ಆಗಲ್ಲ ಅನ್ನುವುದಕ್ಕೆ ಕಾರಣ ಇದು. 'ಟಕ್' ಅಂದದ್ದು ಸೆಲ್ಫ್‌ನ ಸ್ವಿಚ್. ಸ್ವಿಚ್ ಎಳೆಯುವಷ್ಟು ಶಕ್ತಿ ಇತ್ತು, ಮೋಟರ್ ತಿರುಗಿಸುವಷ್ಟು ಇರಲಿಲ್ಲ.

ಎಂಜಿನ್ ಒಂದು ಸಲ ಚಾಲೂ ಆದ ಮೇಲೆ ಆಲ್ಟರ್ನೇಟರ್ ಕರೆಂಟ್ ತಯಾರಿಸುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ ಈಗಲೂ ಡೈನಮೋ ಅಂತಲೇ ಹೆಸರು. ಅದು ಕಾರಿನ ದೀಪ, ಹಾರ್ನ್‌ಗಳಿಗೂ ಕರೆಂಟ್ ಕೊಟ್ಟು, ಬ್ಯಾಟರಿಯಿಂದ ತೆಗೆದದ್ದನ್ನು ವಾಪಸ್ ತುಂಬುತ್ತದೆ.

ಭದ್ರಾ ಡ್ಯಾಮಿನ ಲೆಕ್ಕದಲ್ಲಿ ಹೇಳುವುದಾದರೆ

ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಭತ್ತದ ರೈತರು ಬೆಳಿಗ್ಗೆ ಎದ್ದು ಪೇಪರಿನಲ್ಲಿ ಮೊದಲು ನೋಡುವುದು ಭದ್ರಾ ಡ್ಯಾಮಿನ ಮಟ್ಟ. ತುಂಬಿದರೆ 186 ಅಡಿ. ಅದು ಎತ್ತರದ ಲೆಕ್ಕ. ಒಳಗೆ ಎಷ್ಟು ನೀರಿದೆ ಅನ್ನುವುದಕ್ಕೆ ಬೇರೆ ಲೆಕ್ಕ, ಟಿಎಂಸಿ. ಭದ್ರಾದ್ದು 71.5 ಟಿಎಂಸಿ.

ಬ್ಯಾಟರಿಗೂ ಹೀಗೇ ಎರಡು ಲೆಕ್ಕ. ವೋಲ್ಟ್ ಅಂದರೆ ಅಡಿ. ಆಂಪಿಯರ್ ಅವರ್ ಅಂದರೆ ಟಿಎಂಸಿ. ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ ಮೇಲೆ ಸಾಮಾನ್ಯವಾಗಿ 35 ಅಂತ ಬರೆದಿರುತ್ತದೆ. ಒಂದು ಆಂಪಿಯರ್‌ನಂತೆ ಎಳೆದರೆ ಸುಮಾರು 35 ಗಂಟೆ ಬರುತ್ತದೆ ಅಂತ ಅರ್ಥ. ಡೀಸೆಲ್ ಮತ್ತು ದೊಡ್ಡ ಕಾರುಗಳದ್ದು ಇನ್ನೂ ಜಾಸ್ತಿ.

'12 ವೋಲ್ಟ್ ಬ್ಯಾಟರಿ' ಅಂದರೂ ತುಂಬಿದಾಗ ವೋಲ್ಟ್ ಅಳೆಯುವ ಮಲ್ಟಿಮೀಟರ್ ತೋರಿಸುವುದು 12.6 ಅಥವಾ ಸ್ವಲ್ಪ ಮೇಲೆ. ಯಾಕೆಂದರೆ ಒಳಗೆ ಆರು ಕೋಣೆಗಳಿವೆ, ಒಂದೊಂದರಲ್ಲಿ ಸುಮಾರು 2.1 ವೋಲ್ಟ್. 12.4 ಇದ್ದರೆ ಮುಕ್ಕಾಲು ಇದೆ. 12.2 ಅಂದರೆ ಅರ್ಧ. ಸರಿಯಾಗಿ 12 ತೋರಿಸಿದರೆ ಎಷ್ಟೋ ಜನ 'ಫುಲ್ ಇದೆ' ಅಂತ ಸಮಾಧಾನ ಪಡುತ್ತಾರೆ. ಆದರೆ ಉಳಿದಿರುವುದು ಕಾಲು ಭಾಗ ಮಾತ್ರ. 11.8ಕ್ಕೆ ಇಳಿಯಿತೆಂದರೆ ಡ್ಯಾಮಿನ ಡೆಡ್ ಸ್ಟೋರೇಜ್ ಇದ್ದಂತೆ. ತಳದಲ್ಲಿ ನೀರು ಕಾಣುತ್ತದೆ, ನಾಲೆಗೆ ಹರಿಯುವುದಿಲ್ಲ. ನಮ್ಮ ಕಾರಿನದು ಆವತ್ತು 10.9 ಇತ್ತು.

ನಿಂತ ಕಾರು ಸುಮ್ಮನೆ ನಿಂತಿರುವುದಿಲ್ಲ

ಕೀ ತೆಗೆದು, ಬಾಗಿಲು ಹಾಕಿ, ಮನೆಯೊಳಗೆ ಹೋದರೂ ಕಾರು ಪೂರ್ತಿ ನಿದ್ದೆ ಮಾಡಲ್ಲ. ರಿಮೋಟಿನ ಸಿಗ್ನಲ್ ಯಾವಾಗ ಬರುತ್ತದೋ ಅಂತ ಒಂದು ಭಾಗ ಕಾಯುತ್ತಿರುತ್ತದೆ. ಕಳ್ಳರ ಅಲಾರಂ ಎಚ್ಚರ ಇರುತ್ತದೆ. ಗಡಿಯಾರ ನಡೆಯುತ್ತದೆ. ಎಂಜಿನ್‌ನ ಕಂಪ್ಯೂಟರ್ ತನ್ನ ನೆನಪು ಉಳಿಸಿಕೊಳ್ಳುತ್ತದೆ. ಇದೆಲ್ಲ ಸೇರಿ ಎಳೆಯುವುದು 20ರಿಂದ 50 ಮಿಲಿ ಆಂಪಿಯರ್. ಒಂದು ಸಾವಿರ ಮಿಲಿ ಸೇರಿದರೆ ಒಂದು ಆಂಪಿಯರ್. ಅಂದರೆ ಏನೂ ಅಲ್ಲದಷ್ಟು.

ನಲ್ಲಿಯಿಂದ ತೊಟ್ಟಿಕ್ಕುವ ನೀರೂ ಏನೂ ಅಲ್ಲ ಅನಿಸುತ್ತದೆ. ಬೆಳಗಾಗುವುದರೊಳಗೆ ಬಕೆಟ್ ತುಂಬಿರುತ್ತದೆ ಅಲ್ವಾ? 40 ಮಿಲಿ ಆಂಪಿಯರ್ ಅಂತ ಇಟ್ಟುಕೊಂಡರೆ, 24 ಗಂಟೆಗೆ ಹೆಚ್ಚುಕಡಿಮೆ ಒಂದು ಆಂಪಿಯರ್ ಅವರ್ ಹೋಯಿತು. 35ರ ಬ್ಯಾಟರಿಯಲ್ಲಿ ಹದಿನೈದು ಹದಿನೆಂಟು ದಿನಕ್ಕೆ ಅರ್ಧ ಖಾಲಿ. ಬ್ಯಾಟರಿ ಹೊಸದಾದರೆ ಆಗಲೂ ಸೆಲ್ಫ್ ತಗೊಳ್ಳಬಹುದು. ಹಳೆಯದಾದರೆ ಅನುಮಾನ. ಎರಡು ತಿಂಗಳಿಗೆ ಪ್ರಶ್ನೆಯೇ ಇಲ್ಲ.

ಆಮೇಲೆ ನಾವೇ ಹಾಕಿಸಿದ ಸಾಮಾನುಗಳಿವೆ. ಜಿಪಿಎಸ್ ಟ್ರ್ಯಾಕರ್, ಡ್ಯಾಶ್ ಕ್ಯಾಮೆರಾ, ಹೊರಗಡೆ ಫಿಟ್ ಮಾಡಿಸಿದ ಮ್ಯೂಸಿಕ್ ಸಿಸ್ಟಮ್. ಇವುಗಳ ವೈರನ್ನು ಕೀಗೆ ಸಂಬಂಧವಿಲ್ಲದೆ ನೇರ ಬ್ಯಾಟರಿಗೆ ಕೊಟ್ಟಿದ್ದರೆ ಹದಿನೈದು ದಿನದ ಲೆಕ್ಕ ವಾರಕ್ಕೆ ಇಳಿಯುತ್ತದೆ. ಒಳಗಿನ ದೀಪ ಮರೆತರೆ ಮೂರು ನಾಲ್ಕು ದಿನ. ಹೆಡ್‌ಲೈಟ್ ಮರೆತರಂತೂ 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕಿತ್ತುಹೋದ ಹಾಗೆ. ಎರಡು ಹಳೇ ಮಾದರಿಯ ಬಲ್ಬು ಸೇರಿ 110 ವ್ಯಾಟ್, ಅಂದರೆ ಒಂಬತ್ತು ಆಂಪಿಯರ್. ಸಿನಿಮಾ ನೋಡಿ, ಊಟ ಮಾಡಿ ಬರುವಷ್ಟರಲ್ಲಿ ಮುಗಿದಿರುತ್ತದೆ.

ಇದರ ಜೊತೆ ಬಿಸಿಲು. ಯಾವ ವೈರೂ ಹಾಕದೆ ನೆಲದ ಮೇಲಿಟ್ಟರೂ ಬ್ಯಾಟರಿ ತನ್ನಷ್ಟಕ್ಕೆ ತಾನೇ ನಿಧಾನವಾಗಿ ಇಳಿಯುತ್ತದೆ. ಬಿಸಿ ಹೆಚ್ಚಾದಷ್ಟೂ ಬೇಗ ಇಳಿಯುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ದಾವಣಗೆರೆ, ಚಿತ್ರದುರ್ಗದ ತಗಡಿನ ಶೆಡ್ಡಿನೊಳಗೆ ಮಧ್ಯಾಹ್ನ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಖಾಲಿ ಆಗಿದ್ದಕ್ಕಿಂತ ಖಾಲಿ ಬಿದ್ದಿದ್ದು ಕೆಟ್ಟದ್ದು

ನನಗೆ ಗೊತ್ತಿಲ್ಲದೇ ಇದ್ದ ವಿಷಯ ಇದೇ. ಮೊಬೈಲ್ ಹಾಗೆ ಚಾರ್ಜಿಗೆ ಹಾಕಿದರೆ ಸರಿಹೋಗುತ್ತದೆ ಅಂದುಕೊಂಡಿದ್ದೆ.

ಬ್ಯಾಟರಿಯೊಳಗೆ ಸೀಸದ ತಟ್ಟೆಗಳು ಇರುತ್ತವೆ. ಬ್ಯಾಟರಿ ಅಂಗಡಿಯಲ್ಲಿ ಇವಕ್ಕೆ ಪ್ಲೇಟ್ ಅನ್ನುತ್ತಾರೆ. ಒಂದು ಬಗೆಯವು ಬರೀ ಸೀಸ, ಇನ್ನೊಂದು ಬಗೆಯವು ಸೀಸಕ್ಕೆ ಆಮ್ಲಜನಕ ಸೇರಿದವು. ಎರಡೂ ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಕಂಡುಹಿಡಿದ ಏರ್ಪಾಡು ಇದು, ಬುಡದಲ್ಲಿ ಇವತ್ತಿಗೂ ಅದೇ. ಕರೆಂಟ್ ತೆಗೆಯುತ್ತಾ ಹೋದಂತೆ ಆ್ಯಸಿಡ್ ಪ್ಲೇಟುಗಳ ಜೊತೆ ಸೇರಿ, ಅವುಗಳ ಮೇಲೆ ಸೀಸದ ಸಲ್ಫೇಟ್ ಅನ್ನುವ ಬಿಳಿ ಪದರ ಕೂರುತ್ತದೆ. ಉಳಿದ ಆ್ಯಸಿಡ್ ನೀರು ನೀರಾಗುತ್ತದೆ. ಚಾರ್ಜ್ ಮಾಡಿದರೆ ಪದರ ಕರಗಿ ಮತ್ತೆ ಮೊದಲಿನಂತೆ ಆಗುತ್ತದೆ. ದಿನವೂ ನಡೆಯುವ ವ್ಯವಹಾರ ಇದು, ತೊಂದರೆ ಏನೂ ಇಲ್ಲ.

ತೊಂದರೆ ಬರುವುದು ಆ ಪದರವನ್ನು ವಾರಗಟ್ಟಲೆ ಹಾಗೇ ಬಿಟ್ಟಾಗ. ಮೆತ್ತಗಿದ್ದ ಪದರ ಗಟ್ಟಿ ಹರಳಾಗುತ್ತದೆ. ಆಮೇಲೆ ಚಾರ್ಜ್ ಕೊಟ್ಟರೂ ಕರಗುವುದಿಲ್ಲ. ಇದಕ್ಕೆ ಸಲ್ಫೇಶನ್ ಅನ್ನುತ್ತಾರೆ. ಮತ್ತೆ ಡ್ಯಾಮಿನ ಮಾತಿಗೇ ಬಂದರೆ ಇದು ಹೂಳು. ಹೊಸಪೇಟೆಯ ತುಂಗಭದ್ರಾ ಡ್ಯಾಮ್ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಅದು 105ರ ಆಸುಪಾಸಿಗೆ ಬಂದಿದೆ. ಗೇಜ್ ನೋಡಿದರೆ ಡ್ಯಾಮ್ ತುಂಬಿದೆ, ನೀರು ಮಾತ್ರ ಕಡಿಮೆ. ಹೂಳು ಹಿಡಿದ ಬ್ಯಾಟರಿಯೂ ಹಾಗೇ. ರಾತ್ರಿಯೆಲ್ಲಾ ಚಾರ್ಜ್ ಮಾಡಿದರೆ 12.6 ಅಂತ ಜೋರಾಗಿ ತೋರಿಸುತ್ತದೆ. ಸೆಲ್ಫ್ ಹೊಡೆದ ಕೂಡಲೇ ಕುಸಿಯುತ್ತದೆ.

ಹಾಗಾಗಿ ಬ್ಯಾಟರಿ ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ "ಎಷ್ಟು ದಿನದಿಂದ ನಿಂತಿದೆ ಸಾರ್?" ರಾತ್ರಿ ಲೈಟ್ ಮರೆತು ಬೆಳಿಗ್ಗೆ ಖಾಲಿಯಾಗಿದ್ದರೆ ಬಹುಪಾಲು ಉಳಿಯುತ್ತದೆ. ಒಂದು ತಿಂಗಳಿಂದ ಖಾಲಿ ಬಿದ್ದಿದ್ದರೆ ಅದೃಷ್ಟ ಬೇಕು.

ಜಂಪ್ ಸ್ಟಾರ್ಟ್: ವೈರಿನ ಕ್ರಮಕ್ಕೆ ಕಾರಣ ಇದೆ

ತಕ್ಷಣಕ್ಕೆ ಗಾಡಿ ಚಾಲೂ ಆಗಬೇಕು ಅಂದರೆ ಇನ್ನೊಂದು ಕಾರಿನ ಬ್ಯಾಟರಿಯಿಂದ ಕರೆಂಟ್ ಸಾಲ ತಗೊಳ್ಳಬಹುದು. ದಪ್ಪನೆಯ ಜಂಪ್ ಕೇಬಲ್ ಬೇಕು. ಸಣ್ಣ ವೈರ್ ಬಿಸಿಯಾಗಿ ಕರಗುತ್ತದೆ, ಕೆಲಸವೂ ಆಗಲ್ಲ. ರಿಮೋಟ್ ಕೆಲಸ ಮಾಡದಿದ್ದರೆ ಹೆದರಬೇಡಿ, ಬಟನ್ ಸ್ಟಾರ್ಟ್ ಕಾರಿನ ರಿಮೋಟ್ ಒಳಗೂ ಸಾಮಾನ್ಯವಾಗಿ ಒಂದು ಸಣ್ಣ ಲೋಹದ ಕೀಲಿ ಅಡಗಿರುತ್ತದೆ.

ಎರಡೂ ಕಾರು ಒಂದಕ್ಕೊಂದು ತಾಗಬಾರದು, ಎರಡೂ ಆಫ್ ಇರಬೇಕು. ಕೆಂಪು ಕೇಬಲ್ಲಿನ ಒಂದು ತುದಿ ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಒಳ್ಳೆ ಬ್ಯಾಟರಿಯ ಪ್ಲಸ್‌ಗೆ. ಆಮೇಲೆ ಕಪ್ಪು ಕೇಬಲ್ಲಿನ ಒಂದು ತುದಿ ಒಳ್ಳೆ ಬ್ಯಾಟರಿಯ ಮೈನಸ್‌ಗೆ. ಕೊನೆಯ ತುದಿಯನ್ನು ಮಾತ್ರ ಸತ್ತ ಬ್ಯಾಟರಿಗೆ ಹಾಕಬೇಡಿ. ಅದೇ ಕಾರಿನ ಎಂಜಿನ್ ಮೇಲೆ, ಬ್ಯಾಟರಿಯಿಂದ ದೂರದಲ್ಲಿ, ಬಣ್ಣವಿಲ್ಲದ ಗಟ್ಟಿ ಲೋಹ ಎಲ್ಲಿದೆಯೋ ಅಲ್ಲಿಗೆ ಕಚ್ಚಿಸಿ. ಕೊನೆಯ ತುದಿ ತಾಗಿದಾಗ ಚಟ್ ಅಂತ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಜಲಜನಕ ಅನಿಲ ಹೊರಡುತ್ತಿರಬಹುದು. ಅದಕ್ಕೆ ಕಿಡಿ ಸಿಕ್ಕರೆ ಬ್ಯಾಟರಿ ಸಿಡಿದು ಆ್ಯಸಿಡ್ ಮುಖಕ್ಕೆ ಎರಚುತ್ತದೆ. ಕಿಡಿಯನ್ನು ದೂರ ಇಡುವುದಕ್ಕೇ ಈ ಕ್ರಮ. ಕಾರಿನ ಮೈಯೆಲ್ಲಾ ಮೈನಸ್‌ಗೆ ಸೇರಿರುವುದರಿಂದ ಕರೆಂಟ್ ಹೇಗೂ ತಲುಪುತ್ತದೆ. ಬೀಡಿ ಸಿಗರೇಟನ್ನೂ ಆಚೆ ಇಡಿಸಿ, ಇಂಥ ಹೊತ್ತಲ್ಲಿ ಸುತ್ತ ನಾಲ್ಕು ಜನ ಸೇರದೇ ಇರಲ್ಲ.

ಒಳ್ಳೆ ಕಾರನ್ನು ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು, ಆಮೇಲೆ ಸತ್ತ ಕಾರಿನ ಸೆಲ್ಫ್ ಹೊಡೆಯಿರಿ. ಚಾಲೂ ಆದರೆ ಕೇಬಲ್‌ಗಳನ್ನು ಹಾಕಿದ್ದಕ್ಕೆ ಹಿಮ್ಮುಖವಾಗಿ ಬಿಚ್ಚಿ.

ನಮ್ಮ ಕಡೆ ಒಂದು ಎಚ್ಚರಿಕೆ ಜಾಸ್ತಿ ಬೇಕು. ಹೈವೇ ಊರು, ಲಾರಿಗಳಿಗೆ ಬರವಿಲ್ಲ. "ಬನ್ನಿ ಅಣ್ಣ, ಲಾರಿಯಿಂದ ಕೊಡ್ತೀನಿ" ಅಂತ ಯಾರಾದರೂ ಒಳ್ಳೇ ಮನಸ್ಸಿನಿಂದ ಕರೆಯುತ್ತಾರೆ. ದೊಡ್ಡ ಲಾರಿಗಳಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿ ಸಾಲಾಗಿ ಸೇರಿ 24 ವೋಲ್ಟ್ ಇರುತ್ತದೆ. ಅದನ್ನು ಕಾರಿಗೆ ಕೊಟ್ಟರೆ ಕಾರಿನ ಕಂಪ್ಯೂಟರ್ ಸುಟ್ಟುಹೋಗಬಹುದು. ಆಗ ಬ್ಯಾಟರಿಯ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ಸ್ಟಾರ್ಟ್ ಆದ ಮೇಲೆ 'ಡೈನಮೋ ಸರಿ ಇದೆಯಾ ನೋಡೋಣ' ಅಂತ ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಬಿಚ್ಚುವ ಹಳೇ ಮೆಕ್ಯಾನಿಕ್‌ಗಳಿದ್ದಾರೆ. ಹಳೇ ಗಾಡಿಗಳಿಗೆ ಅದು ನಡೆಯುತ್ತಿತ್ತು. ಈಗಿನ ಕಾರಿಗೆ ಬೇಡವೇ ಬೇಡ. ಆ ಕ್ಷಣ ವೋಲ್ಟೇಜ್ ಜಿಗಿದು ಎಲೆಕ್ಟ್ರಾನಿಕ್ಸ್ ಹಾಳಾಗುತ್ತದೆ. ಮಲ್ಟಿಮೀಟರ್ ಹಿಡಿದರೆ ಸಾಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ತೋರಿಸಬೇಕು. 12ರಲ್ಲೇ ಇದ್ದರೆ ತಪ್ಪು ಬ್ಯಾಟರಿಯದಲ್ಲ, ಡೈನಮೋದು.

ತಳ್ಳಿ ಸ್ಟಾರ್ಟ್ ಮಾಡಬಹುದಾ?

ಗೇರು ಕೈಯಲ್ಲಿ ಹಾಕುವ, ಕ್ಲಚ್ ಪೆಡಲ್ ಇರುವ ಕಾರಾದರೆ ಹೌದು. ಕೀ ಆನ್ ಮಾಡಿ, ಎರಡನೇ ಗೇರಿಗೆ ಹಾಕಿ, ಕ್ಲಚ್ ಒತ್ತಿಹಿಡಿದು ತಳ್ಳಿಸಿ, ವೇಗ ಬಂದಾಗ ಕ್ಲಚ್ ಬಿಡಬೇಕು. ಆದರೆ ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಷ್ಟು ತಳ್ಳಿದರೂ ಬೆವರೇ ಗತಿ. ಪೆಟ್ರೋಲ್ ಪಂಪಿಗೂ ಎಂಜಿನ್ ಕಂಪ್ಯೂಟರಿಗೂ ಸ್ವಲ್ಪ ಕರೆಂಟ್ ಬೇಕು. ಆಟೋಮ್ಯಾಟಿಕ್ ಕಾರುಗಳಿಗೆ ಈ ದಾರಿ ಇಲ್ಲ.

ವಾರಕ್ಕೊಂದು ಸಲ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ?

"ನಮಗೆ ಕೀ ಕೊಟ್ಟು ಹೋಗಿದ್ರೆ ವಾರಕ್ಕೊಂದ್ಸಲ ಐದು ನಿಮಿಷ ಸ್ಟಾರ್ಟ್ ಮಾಡಿಡ್ತಿದ್ದೆ ಸಾರ್" ಅಂದರು ಎದುರುಮನೆ ಮೇಷ್ಟ್ರು. ಎಲ್ಲರೂ ಕೊಡುವ ಸಲಹೆ ಇದು. ಲೆಕ್ಕ ಹಾಕಿ ನೋಡೋಣ. ನಿಂತ ಕಾರು ವಾರಕ್ಕೆ ಕಳೆದುಕೊಂಡದ್ದು ಏಳು ಆಂಪಿಯರ್ ಅವರ್. ಸೆಲ್ಫ್ ತಗೊಂಡದ್ದು ಒಂದರ ಹತ್ತನೇ ಭಾಗ, ಅದನ್ನು ಬಿಡಿ. ನಿಂತಲ್ಲೇ ಓಡುವ ಎಂಜಿನ್‌ನಲ್ಲಿ ಡೈನಮೋ ನಿಧಾನ ತಿರುಗುತ್ತದೆ. ಐದು ನಿಮಿಷದಲ್ಲಿ ಬ್ಯಾಟರಿಗೆ ಹೆಚ್ಚೆಂದರೆ ಮುಕ್ಕಾಲು ಆಂಪಿಯರ್ ಅವರ್ ಸೇರಬಹುದು. ಏಳು ಹೋಯಿತು, ಮುಕ್ಕಾಲು ಬಂತು. ಎಸಿ ಹಾಕಿಕೊಂಡು ಕೂತರೆ ಅದೂ ಇಲ್ಲ. ಎಂಜಿನ್ ಪೂರ್ತಿ ಬಿಸಿಯಾಗದೆ ಸೈಲೆನ್ಸರಿನಲ್ಲಿ ನೀರಿನ ಪಸೆ ಉಳಿಯುವುದು ಬೇರೆ.

ಓಡಿಸಬೇಕು. ಹರಿಹರಕ್ಕೆ ಹೋಗಿ ಬಂದರೆ ಮುಕ್ಕಾಲು ಗಂಟೆ ಆಗುತ್ತದೆ, ವಾರದ ಸಾಲ ಬಹುಪಾಲು ತೀರುತ್ತದೆ. ರಸ್ತೆ ಕೊನೆಯ ಬೆಣ್ಣೆ ದೋಸೆ ಹೋಟೆಲ್‌ವರೆಗೆ ಹೋಗಿ ಬಂದರೆ ಹೊಟ್ಟೆ ತುಂಬುತ್ತದೆ, ಬ್ಯಾಟರಿ ತುಂಬುವುದಿಲ್ಲ.

ಪೂರ್ತಿ ಖಾಲಿಯಾದ ಬ್ಯಾಟರಿಗೆ ಹರಿಹರವೂ ಸಾಲದು. ಅದನ್ನು ಚಾರ್ಜಿಗೇ ಹಾಕಬೇಕು. 35ರ ಬ್ಯಾಟರಿಗೆ ಮೂರೂವರೆ ಆಂಪಿಯರ್‌ನಂತೆ ಹತ್ತು ಹನ್ನೆರಡು ಗಂಟೆ. ಮೊದಲು ಬೇಗ ತುಂಬಿ, ಕೊನೆಕೊನೆಗೆ ನಿಧಾನವಾಗುತ್ತದೆ. "ಎರಡೇ ಗಂಟೇಲಿ ಫುಲ್ ಮಾಡ್ಕೊಡ್ತೀವಿ" ಅಂದವರಿಗೆ ಬೇಡ ಅನ್ನಿ. ಜೋರಾಗಿ ಕರೆಂಟ್ ಕೊಟ್ಟರೆ ಬ್ಯಾಟರಿ ಬಿಸಿಯಾಗಿ ಒಳಗಿನ ನೀರು ಆರುತ್ತದೆ.

ಮುಂದಿನ ಸಲ ಊರಿಗೆ ಹೋಗುವ ಮುಂಚೆ

ಮೂರು ವಾರಕ್ಕಿಂತ ಜಾಸ್ತಿ ಹೋಗುವುದಾದರೆ ಮೈನಸ್ ಟರ್ಮಿನಲ್ ಬಿಚ್ಚಿಡುವುದು ಸುಲಭದ ದಾರಿ. ಹೆಚ್ಚಿನ ಕಾರುಗಳಿಗೆ 10ನೇ ನಂಬರ್ ಸ್ಪ್ಯಾನರ್ ಸಾಕು. ಮೈನಸ್ಸೇ ಯಾಕೆ? ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಅಕಸ್ಮಾತ್ ಕಾರಿನ ಮೈಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ. ಮೈನಸ್ ತಾಗಿದರೆ ಏನೂ ಆಗುವುದಿಲ್ಲ. ಎರಡನ್ನೂ ಬಿಚ್ಚುವುದಿದ್ದರೆ ಮೊದಲು ಮೈನಸ್, ವಾಪಸ್ ಹಾಕುವಾಗ ಮೊದಲು ಪ್ಲಸ್. ಬಿಚ್ಚಿದರೆ ಗಡಿಯಾರ ಮರಳಿ ಇಡಬೇಕಾಗುತ್ತದೆ, ಕೆಲವು ಕಾರುಗಳಲ್ಲಿ ಮ್ಯೂಸಿಕ್ ಸಿಸ್ಟಮ್ ಕೋಡ್ ಕೇಳುತ್ತದೆ, ಕಿಟಕಿಯ ಆಟೋ ಬಟನ್ ಮರೆತಿರುತ್ತದೆ. ಕೋಡ್ ಬರೆದಿಟ್ಟುಕೊಳ್ಳಿ. ಕಿಟಕಿ ಮೊದಲೇ ಏರಿಸಿ. ಅಲಾರಂ ಕೆಲಸ ಮಾಡುವುದಿಲ್ಲ ಅನ್ನುವುದೂ ನೆನಪಿರಲಿ. ಹೋಗುವಾಗ ಬ್ಯಾಟರಿ ತುಂಬಿರಬೇಕು, ಅರ್ಧ ಖಾಲಿಯದನ್ನು ಬಿಚ್ಚಿಟ್ಟರೆ ಹೂಳು ಕೂರುವುದು ತಪ್ಪಲ್ಲ.

ನೀರು ಹಾಕುವ ಮುಚ್ಚಳ ಇರುವ ಬ್ಯಾಟರಿಯಾದರೆ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ಹಾಕಿ. ಆ್ಯಸಿಡ್ ಬೇಡ, ಆರುವುದು ನೀರು ಮಾತ್ರ. ಬೋರ್ ನೀರಂತೂ ಮುಟ್ಟಿಸಬೇಡಿ. ಗೀಸರ್ ಕಾಯಿಲ್‌ಗೆ ಬಿಳಿ ಹಿಡಿಸುವ ಅದೇ ಉಪ್ಪು ಪ್ಲೇಟುಗಳನ್ನೂ ಹಾಳು ಮಾಡುತ್ತದೆ.

ಎಲೆಕ್ಟ್ರಿಕ್ ಕಾರಿನವರು ನಮಗಿದು ಸಂಬಂಧ ಇಲ್ಲ ಅಂದುಕೊಳ್ಳಬೇಡಿ. ಓಡಿಸುವ ದೊಡ್ಡ ಬ್ಯಾಟರಿ ಬೇರೆ, ಬಾಗಿಲು ತೆಗೆದು ಕಂಪ್ಯೂಟರ್ ಎಬ್ಬಿಸಲು ಅದರಲ್ಲೂ ಒಂದು ಸಣ್ಣ 12 ವೋಲ್ಟ್ ಬ್ಯಾಟರಿ ಇರುತ್ತದೆ. ಅದು ಇಳಿದರೆ ದೊಡ್ಡದು ತುಂಬಿದ್ದರೂ ಕಾರು ಏಳುವುದಿಲ್ಲ.

ನಮ್ಮದು ಏನಾಯಿತು

ಅಂಗಡಿಯ ಹುಡುಗ ಬ್ಯಾಟರಿ ಬಿಚ್ಚಿಕೊಂಡು ಹೋಗಿ ರಾತ್ರಿಯಿಡೀ ಚಾರ್ಜಿಗೆ ಹಾಕಿದ. ಬೆಳಿಗ್ಗೆ 12.6 ತೋರಿಸಿತು. ನನಗೆ ಖುಷಿಯಾಯಿತು. "ತಡೀರಿ ಸಾರ್" ಅಂತ ಲೋಡ್ ಟೆಸ್ಟರ್ ಕಚ್ಚಿಸಿದ. ಸೆಲ್ಫ್ ಎಳೆಯುವಷ್ಟು ಭಾರ ಕೊಟ್ಟು ನೋಡುವ ಯಂತ್ರ ಅದು. ಒಳ್ಳೆ ಬ್ಯಾಟರಿ 9.6ಕ್ಕಿಂತ ಮೇಲೆ ನಿಲ್ಲಬೇಕು. ನಮ್ಮದು ಎಂಟಕ್ಕೆ ಬಿತ್ತು. ಅಡಿ ಇತ್ತು, ಟಿಎಂಸಿ ಇರಲಿಲ್ಲ. ಮೂರೂವರೆ ವರ್ಷದ ಬ್ಯಾಟರಿ, ಅದರ ಸಹಜ ಆಯಸ್ಸೇ ಮೂರರಿಂದ ಐದು ವರ್ಷ.

ಹೊಸದು ತಗೊಳ್ಳುವಾಗ ತಯಾರಾದ ತಿಂಗಳು ಕೇಳಿದೆ. ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತ ಬ್ಯಾಟರಿಯೂ ನಿಂತ ಕಾರಿನ ಬ್ಯಾಟರಿಯ ಹಾಗೇ ಅಲ್ವಾ? ಹಳೆಯದನ್ನು ಅವರೇ ಇಟ್ಟುಕೊಂಡು ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆದರು. ಅದರಲ್ಲಿರುವ ಸೀಸ ವಿಷ, ಆದರೆ ಕರಗಿಸಿ ಮತ್ತೆ ಬ್ಯಾಟರಿಗೇ ಬಳಸಬಹುದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಮನೆಯ ಕಸದ ಜೊತೆ ಹಾಕುವಂತಿಲ್ಲ. ಗುಜರಿ ಗಾಡಿಯವನು ಐವತ್ತು ರೂಪಾಯಿ ಜಾಸ್ತಿ ಕೊಟ್ಟಾನು, ಆದರೆ ಒಳಗಿನ ಆ್ಯಸಿಡ್ಡನ್ನು ಅವನು ಯಾವ ಚರಂಡಿಗೆ ಸುರಿಯುತ್ತಾನೋ ನೋಡುವವರಿಲ್ಲ.